ಪತಿಯನ್ನು ಕಳೆದುಕೊಂಡ ಸಹೋದರಿಗೆ: ಕಣ್ಣೀರಿನ ನಡುವಿನ ಸ್ತೋತ್ರ

ಪ್ರಿಯ ಸಹೋದರಿ, ಪತಿ ತೀರಿಹೋದ ಮೇಲೆ ಪ್ರಾರ್ಥನೆಯಲ್ಲಿ ದೇವರಿಗೆ ಸ್ತೋತ್ರ, ಅಂದರೆ ಕೃತಜ್ಞತೆ, ಹೇಳಲು ನಾಲಿಗೆ ಏಳುತ್ತಿಲ್ಲ, ಇದು ಅವಿಶ್ವಾಸವೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯವನ್ನು ನಿಧಾನವಾಗಿ ಓದಿರಿ: ಸತ್ತುಹೋದ ಗೆಳೆಯ ಲಾಜರನನ್ನು ಬದುಕಿಸಿ ಎಬ್ಬಿಸುವೆನೆಂದು ತಿಳಿದಿದ್ದರೂ ಕರ್ತನಾದ ಯೇಸು, ಲಾಜರನ ಸಹೋದರಿ ಮರಿಯಳ ಗೋಳಾಟವನ್ನು ಕಂಡು ನೊಂದು, 35ನೆಯ ವಚನದಲ್ಲಿ ಕಣ್ಣೀರು ಬಿಡುತ್ತಾನೆ, 41ನೆಯ ವಚನದಲ್ಲಿ, ಸತ್ತವನು ಇನ್ನೂ ಗವಿಯಿಂದ ಹೊರಗೆ ಬರುವ ಮೊದಲೇ, ಕಣ್ಣೆತ್ತಿ ತಂದೆಗೆ ಸ್ತೋತ್ರ ಸಲ್ಲಿಸುತ್ತಾನೆ. ಮರಣಕ್ಕಾಗಿಯೇ ಸ್ತೋತ್ರ ಹೇಳಬೇಕೆಂದು ನಿಮ್ಮನ್ನು ಒತ್ತಾಯಿಸುವವರ ಮಾತು, ಅವರ ಉದ್ದೇಶ ಒಳ್ಳೆಯದೇ ಇದ್ದರೂ, ನನಗೆ ಒಪ್ಪಿಗೆಯಿಲ್ಲ. ಪ್ರಾರ್ಥಿಸಲು ಆಗದ ದಿನ ಬೈಬಲಿನ 88ನೆಯ ಕೀರ್ತನೆಯನ್ನು ಗಟ್ಟಿಯಾಗಿ ಓದಿರಿ. ಅದು ಕೊನೆಯವರೆಗೂ ಕತ್ತಲೆಯಲ್ಲೇ ಉಳಿದರೂ ದೇವರೊಡನೆಯೇ ಮಾತನಾಡುತ್ತದೆ. ಪತಿಯ ಸಮಾಧಿಯ ಬಳಿ ಮೇಣದಬತ್ತಿ ಹಚ್ಚುವಾಗ ಅವರೊಂದಿಗೆ ಕಳೆದ ಯಾವುದಾದರೂ ಒಂದು ದಿನವನ್ನು ನೆನೆದು, ಸದ್ಯಕ್ಕೆ ಅದೊಂದಕ್ಕೆ ಸ್ತೋತ್ರ ಹೇಳಿದರೆ ಸಾಕು.