ಭಾರತದಿಂದ ಮಗು ದತ್ತು ತಗೊಳ್ಳೋಕೆ ಅಮೇರಿಕಾದಲ್ಲಿ ಕೂತು ಕಾಯ್ತಿದೀವಿ, ದೇವರ ಮೇಲಿನ ನಂಬಿಕೆನೇ ಹೋಗ್ತಿದೆ. ನೀವೆಲ್ಲ ಹೇಗೆ ಉಳಿಸಿಕೊಂಡ್ರಿ?

ಕಾರಾದಲ್ಲಿ, ಅಂದ್ರೆ ಭಾರತದಲ್ಲಿ ದತ್ತು ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆಯಲ್ಲಿ, ರಿಜಿಸ್ಟರ್ ಮಾಡಿಸಿ ವರ್ಷಗಳೇ ಆಯ್ತು, ಊರಲ್ಲಿ ನಿಮ್ಮ ಅತ್ತೆ ಹರಕೆ ಮೇಲೆ ಹರಕೆ ಹೊತ್ಕೊಳ್ತಿದಾರೆ, ಏನು ಪೂಜೆ ಮಾಡಿಸಿದ್ರೂ ಪೋರ್ಟಲ್‌ನಲ್ಲಿ ಕಾಯೋ ಪಟ್ಟಿಯ ನಂಬರ್ ಅಲ್ಲಾಡ್ತಿಲ್ಲ, ಈಗೀಗ ದೇವರ ಮನೆ ಕಡೆ ಹೋಗೋಕೂ ಮನಸ್ಸಾಗಲ್ಲ ಅಂತ ಬರೆದಿದೀರಾ. ಗಂಡ ಅಂತೂ ಮೊದಲಿಂದಾನೂ ದೇವರನ್ನ ಅಷ್ಟು ನಂಬೋರಲ್ಲ ಅಂತಾನೂ ಹೇಳಿದೀರಾ. ನಮ್ಮ ಮನೆಯಲ್ಲೂ ಹೆಚ್ಚುಕಮ್ಮಿ ಇದೇ ಇತ್ತು. ಮಗಳು ಮನೆಗೆ ಬಂದು ಈಗ ಸ್ಕೂಲಿಗೆ ಹೋಗ್ತಿದಾಳೆ, ಆದ್ರೂ ನಿಮ್ಮ ಪ್ರಶ್ನೆ ಓದಿದ ಮೇಲೆ ರಾತ್ರಿ ನಿದ್ದೆ ಬರ್ಲಿಲ್ಲ, ಅದಕ್ಕೆ ಬರೀತಿದೀನಿ.

ನೇರವಾಗಿ ಹೇಳ್ತೀನಿ. ನನ್ನ ನಂಬಿಕೆ ಉಳಿದಿದ್ದು ಈ ಕಾಯೋ ಕಾಲ ನಮಗೆ ದೇವರು ಇಟ್ಟ ಪರೀಕ್ಷೆ ಅಲ್ಲ ಅಂತ ಅರ್ಥ ಆದ್ಮೇಲೆ. ಆ ಕಾಲ ನಮ್ಮದೇ ಅಲ್ಲ. ಅದು ಆ ಮಗೂದು, ಆ ಮಗುವಿನ ಹೆತ್ತವಳದು.

ನಾವಿಬ್ಬರೂ ಮೈಸೂರು ಕಡೆಯವರು, ಈಗ ಇರೋದು ನ್ಯೂಜೆರ್ಸಿ. ಟ್ರೀಟ್‌ಮೆಂಟ್ ಕಥೆ ಎಲ್ಲ ಬಿಡ್ತೀನಿ, ಅದನ್ನ ದಾಟಿ ಬಂದವರಿಗೆ ಅದು ಗೊತ್ತೇ ಇರುತ್ತೆ. ದತ್ತು ಅಂತ ನಿರ್ಧಾರ ಮಾಡೋ ಹೊತ್ತಿಗೆ ನಮ್ಮಿಬ್ಬರ ವಯಸ್ಸು ಸೇರಿಸಿದ್ರೆ 85 ದಾಟಿತ್ತು, ಹಾಗಾಗಿ ಕಾರಾ ನಿಯಮದ ಪ್ರಕಾರ ಎರಡು ವರ್ಷದೊಳಗಿನ ಮಗು ಸಿಗಲ್ಲ ಅಂತ ಮೊದಲೇ ಗೊತ್ತಿತ್ತು, ಎರಡರಿಂದ ನಾಲ್ಕು ವರ್ಷದ ಮಗುವಿಗೆ 90ರ ತನಕ ಅವಕಾಶ ಇದೆ, ಅಲ್ಲಿ ಹೆಸರು ಬರೆಸಿದ್ವಿ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ನಾವು ಫಾರ್ಮ್ ತುಂಬೋ ಹೊತ್ತಿಗೆ ನಮ್ಮ ಮಗಳು ಈ ಭೂಮಿ ಮೇಲೆ ಇದ್ದಿರಬಹುದು, ಎಲ್ಲೋ ಒಂದು ಕಡೆ ಅನ್ನ ತಿಂತಾ, ಜ್ವರ ಬಂದು ಅಳ್ತಾ. ಆ ಯೋಚನೆ ಒಂದು ಸಲ ತಲೆಗೆ ಹೊಕ್ಕಿದ ಮೇಲೆ ಪ್ರಾರ್ಥನೆ ಮೊದಲಿನ ಥರ ಮಾಡೋಕೆ ಆಗ್ಲಿಲ್ಲ.

ಹೋಂ ಸ್ಟಡಿಗೆ, ಅಂದ್ರೆ ನಾವು ದತ್ತಿಗೆ ತಕ್ಕವರಾ ಅಂತ ಮನೆಗೆ ಬಂದು ನೋಡೋ ವಿಚಾರಣೆಗೆ, ಬಂದಿದ್ದ ಸೋಶಿಯಲ್ ವರ್ಕರ್ ನಮ್ಮ ಸಂಬಳ, ಮನೆ, ಮದುವೆ, ಬಾಲ್ಯ ಎಲ್ಲಾ ಕೇಳಿದ್ರು, ಬಚ್ಚಲು ಮನೆಯ ಔಷಧಿ ಕಪಾಟಿಗೆ ಬೀಗ ಇದೆಯಾ ಅಂತಾನೂ ನೋಡಿದ್ರು. ಕೊನೆಗೆ ಕಾಫಿ ಕುಡೀತಾ, ಮಗುವಿನ ಹೆತ್ತ ತಾಯಿ ಬಗ್ಗೆ ನಿಮ್ಮ ಮನೆಯಲ್ಲಿ ಹೇಗೆ ಮಾತಾಡ್ತೀರಾ ಅಂತ ಕೇಳಿದ್ರು. ನಮ್ಮ ಯಜಮಾನ್ರು ತಕ್ಷಣ ಏನೋ ಹೇಳಿದ್ರು, ನಾನು ದೇವರ ಮನೆ ಕಡೆ ನೋಡ್ತಾ ಕೂತೆ. ದೇವರ ಹತ್ರ ಅಷ್ಟೊಂದು ಬೇಡಿಕೊಂಡಿದ್ದ ನಾನು ಅವಳ ಹೆಸರಲ್ಲಿ ಒಂದು ದಿನಾನೂ ದೀಪ ಹಚ್ಚಿರ್ಲಿಲ್ಲ. ಅವತ್ತು ಸಂಜೆ ಹಚ್ಚಿದೆ, ಇವತ್ತಿಗೂ ಹಚ್ತೀನಿ.

ನಿಮಗೂ ಎಲ್ಲರೂ ಸಮಾಧಾನ ಹೇಳ್ತಿರ್ತಾರೆ ಅಲ್ವಾ, "ದೇವರು ನಿಮಗೋಸ್ಕರಾನೇ ಒಂದು ಮಗು ಇಟ್ಟಿದಾನೆ, ಟೈಮ್ ಬಂದಾಗ ಕೊಡ್ತಾನೆ" ಅಂತ. ಹೇಳೋರ ಮನಸ್ಸು ಒಳ್ಳೇದೇ. ಆದ್ರೆ ಈ ಮಾತನ್ನ ನಾನು ಒಪ್ಪಲ್ಲ, ಒಪ್ಪೋಕೂ ಸಾಧ್ಯ ಇಲ್ಲ, ಯಾಕಂದ್ರೆ ನನಗೆ ಮಗು ಕೊಡೋಕೆ ಅಂತ ದೇವರು ಇನ್ನೊಬ್ಬ ಹೆಣ್ಣುಮಗಳ ಮಡಿಲು ಖಾಲಿ ಮಾಡಿದ ಅಂದ್ರೆ ಅಂಥ ದೇವರನ್ನ ನಾನು ಹೇಗೆ ಪೂಜೆ ಮಾಡ್ಲಿ? ಆ ತಾಯಿಗೆ ಬಂದ ಕಷ್ಟ ಬಡತನದ್ದೋ, ಜನರ ಬಾಯಿಗೆ ಹೆದರಿದ್ದೋ, ಮನುಷ್ಯರೇ ಮಾಡಿದ್ದು. ಆ ಕಷ್ಟ ಆದ್ಮೇಲೂ ಆ ಮಗುವನ್ನ ಯಾರೋ ಎತ್ಕೊಂಡ್ರಲ್ಲ, ಹಾಲು ಕುಡಿಸಿದ್ರಲ್ಲ, ಅಲ್ಲಿ ದೇವರಿದಾನೆ ಅಂತ ನಾನು ನಂಬ್ತೀನಿ. ಇನ್ನೊಂದು ಮಾತಿದೆ, "ದತ್ತು ತಗೊಳ್ಳಿ, ಆಮೇಲೆ ನಿಮ್ದೇ ಸ್ವಂತ ಮಗು ಆಗುತ್ತೆ ನೋಡಿ" ಅನ್ನೋದು. ನಮ್ಮ ಚಿಕ್ಕಮ್ಮ ಫೋನಲ್ಲಿ ಹೇಳಿದ್ರು. ಬರೋ ಮಗು ಸ್ವಂತದ್ದೇ ಚಿಕ್ಕಮ್ಮ, ಇನ್ಮೇಲೆ ಈ ಮಾತು ಆಡ್ಬೇಡಿ ಅಂತ ಹೇಳಿಬಿಟ್ಟೆ. ನೀವೂ ಈಗ್ಲೇ ಹೇಳಿ, ಮಗು ಬಂದ್ಮೇಲೆ ಅದರ ಕಿವಿಗೆ ಬೀಳೋ ಮುಂಚೆ.

ಈಗ ಯಾಕೆ ಇಷ್ಟು ತಡ ಅನ್ನೋದು. ಇದು ಗೊತ್ತಾದ ಮೇಲೆ ನನ್ನ ಸಿಟ್ಟು ಅರ್ಧ ಇಳೀತು, ಅದಕ್ಕೆ ಸ್ವಲ್ಪ ವಿವರವಾಗಿ ಹೇಳ್ತೀನಿ. ಹೆತ್ತವರೇ ಬಂದು ಮಗು ಒಪ್ಪಿಸಿದ್ರೆ ಮನಸ್ಸು ಬದಲಾಯಿಸಿ ವಾಪಸ್ ಕರ್ಕೊಂಡು ಹೋಗೋಕೆ ಅವರಿಗೆ ಎರಡು ತಿಂಗಳು ಟೈಮ್ ಕೊಡ್ತಾರೆ. ಎಲ್ಲೋ ಬಿಟ್ಟುಹೋದ ಮಗು ಆದ್ರೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರು ಮಾಡ್ತಾರೆ, ಪೇಪರಲ್ಲಿ ಫೋಟೋ ಹಾಕಿ ಮನೆಯವರು ಯಾರಾದ್ರೂ ಇದ್ರೆ ಬನ್ನಿ ಅಂತ ಪ್ರಕಟಣೆ ಕೊಡ್ತಾರೆ, ಪೊಲೀಸರು ಹುಡುಕ್ತಾರೆ, ಎರಡು ವರ್ಷದೊಳಗಿನ ಮಗುವಿಗೆ ಎರಡು ತಿಂಗಳು, ಅದಕ್ಕಿಂತ ದೊಡ್ಡ ಮಗುವಿಗೆ ನಾಲ್ಕು ತಿಂಗಳು ಅಂತ ಕಾನೂನಲ್ಲಿದೆ. ಯಾರೂ ಬರ್ಲಿಲ್ಲ ಅಂತ ಖಾತ್ರಿ ಆದ್ಮೇಲೇನೇ ದತ್ತಿಗೆ ಕಾನೂನುಬದ್ಧವಾಗಿ ಮುಕ್ತ ಅಂತ ಘೋಷಣೆ ಮಾಡೋದು. ಅದರ ಮೇಲೆ, ಮಗುವಿಗಾಗಿ ಕಾಯ್ತಿರೋ ದಂಪತಿಗಳು ಜಾಸ್ತಿ, ಹೀಗೆ ಮುಕ್ತ ಆದ ಮಕ್ಕಳು ಕಮ್ಮಿ. ಇದು ಬೇಜಾರಿನ ವಿಷಯ ಅಂತ ನನಗೆ ಒಂದು ಕಾಲದಲ್ಲಿ ಅನ್ನಿಸ್ತಿತ್ತು, ಆದ್ರೆ ಕಮ್ಮಿ ಮಕ್ಕಳು ಮನೆ ಕಳ್ಕೊಂಡಿದ್ರೆ ಅದಕ್ಕಿಂತ ಒಳ್ಳೇ ಸುದ್ದಿ ಬೇರೆ ಏನಿದೆ.

ಇಷ್ಟು ಬಿಗಿ ಸುಮ್ನೆ ಬಂದಿದ್ದಲ್ಲ. ಭಾರತದ ಮಕ್ಕಳನ್ನ ಹೊರದೇಶಕ್ಕೆ ದತ್ತು ಕೊಡೋದ್ರಲ್ಲಿ ಅಕ್ರಮ ನಡೀತಿದೆ ಅಂತ 1982ರಲ್ಲಿ ಲಕ್ಷ್ಮೀಕಾಂತ್ ಪಾಂಡೆ ಅನ್ನೋ ವಕೀಲರು ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದ್ರು, ಕೋರ್ಟು ಅದನ್ನೇ ಅರ್ಜಿ ಅಂತ ತಗೊಂಡಿತು, 1984ರಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ತೀರ್ಪು ಬಂತು, ನಿಯಮಗಳು ಅಲ್ಲಿಂದ ಬೆಳೆದವು, 1990ರಲ್ಲಿ ಕಾರಾ ಆಯ್ತು. 2003ರಲ್ಲಿ ಭಾರತ, ದೇಶದಿಂದ ದೇಶಕ್ಕೆ ಆಗೋ ದತ್ತಿನ ಬಗ್ಗೆ ಇರೋ ಹೇಗ್ ಒಪ್ಪಂದಕ್ಕೆ ಸೇರ್ತು. ಇಂಥ ಬಿಗಿ ಇಲ್ಲದ ಕಡೆ ಏನಾಯ್ತು ಅಂತ ನೋಡ್ಬೇಕಾ, ದಕ್ಷಿಣ ಕೊರಿಯಾ ನೋಡಿ. ಅಲ್ಲಿನ ಸತ್ಯಶೋಧನಾ ಆಯೋಗನೇ 2025ರಲ್ಲಿ ಹೇಳಿತು, ಹೊರದೇಶಕ್ಕೆ ಕಳಿಸೋವಾಗ ದಾಖಲೆ ತಿದ್ದಿದ್ರು, ತಂದೆತಾಯಿ ಇದ್ದ ಮಕ್ಕಳನ್ನ ಅನಾಥರು ಅಂತ ಬರೆದಿದ್ರು ಅಂತ. ಆ ಮಕ್ಕಳಿಗೆ ಈಗ ನಲವತ್ತು ಐವತ್ತು ವರ್ಷ ವಯಸ್ಸು, ಈಗ್ಲೂ ತಮ್ಮ ತಾಯಿನ ಹುಡುಕ್ತಿದಾರೆ. ನನ್ನ ಮಗಳು ಮುಂದೆ ಒಂದು ದಿನ ನನ್ನ ಮುಂದೆ ನಿಂತು, ನನ್ನನ್ನ ಸರಿಯಾದ ದಾರಿಯಲ್ಲೇ ಕರ್ಕೊಂಡು ಬಂದ್ರಾ ಅಂತ ಕೇಳಿದ್ರೆ ಹೌದು ಅಂತ ಕಣ್ಣಲ್ಲಿ ಕಣ್ಣಿಟ್ಟು ಹೇಳ್ಬೇಕು ನಾನು. ಆ ಒಂದು ಹೌದಿಗೋಸ್ಕರ ಎಷ್ಟು ಕಾಯೋಕೂ ರೆಡಿ ಇದ್ದೆ.

ಹಾಗಂತ ಎಲ್ಲಾ ತಡವೂ ಪವಿತ್ರ ಅಂತ ಹೇಳ್ತಿಲ್ಲ. ರೆಫರಲ್ ಬಂದು, ಅಂದ್ರೆ ಇಂಥ ಮಗು ಅಂತ ನಮಗೆ ತೋರಿಸಿ, ಆ ಮಗುವಿನ ರಿಪೋರ್ಟಿಗೆ ನಾವು ಸೈನ್ ಹಾಕಿ, ಆ ಮಗುವನ್ನ ಇಲ್ಲಿಗೆ ಕರ್ಕೊಂಡು ಬರೋಕೆ ಅಮೇರಿಕಾ ಸರ್ಕಾರಕ್ಕೆ ಹಾಕೋ ಐ-800 ಅರ್ಜಿ ಅಪ್ರೂವ್ ಆಗಿ ಎಲ್ಲಾ ಆದ್ಮೇಲೆ ಒಂದು ಕಾಗದದಲ್ಲಿ ಹುಟ್ಟಿದ ದಿನ ಬೇರೆ, ಇನ್ನೊಂದರಲ್ಲಿ ಬೇರೆ ಅಂತ ಫೈಲ್ ನಿಂತುಬಿಡ್ತು. ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲದ ಮಗು, ಡಾಕ್ಟರು ಹಲ್ಲು ಎತ್ತರ ತೂಕ ನೋಡಿ ಅಂದಾಜು ಹಾಕಿದ ತಾರೀಖು ಅದು, ಅದರಲ್ಲಿ ಒಂದು ಅಂಕಿ ಯಾರೋ ತಪ್ಪು ಟೈಪ್ ಮಾಡಿದ್ರು. ಅಷ್ಟಕ್ಕೇ ಅವಳ ಒಂದಿಡೀ ಮಳೆಗಾಲ ಅಲ್ಲೇ ಕಳೀತು. ಆ ಸಿಟ್ಟು ನನಗೆ ಇನ್ನೂ ಹೋಗಿಲ್ಲ, ಹೋಗೋದೂ ಬೇಡ. ಮಗುವನ್ನ ಕಾಪಾಡೋ ತಡ ಬೇರೆ, ಮಗುವಿನ ದಿನಗಳನ್ನ ತಿನ್ನೋ ತಡ ಬೇರೆ. ಮೊದಲನೇದಕ್ಕೆ ತಾಳ್ಮೆ ಇರ್ಲಿ, ಎರಡನೇದಕ್ಕೆ ದಿನಾ ಫೋನ್ ಮಾಡಿ, ಮೇಲ್ ಹಾಕಿ, ಕಿರಿಕಿರಿ ಅನ್ನಿಸಿದ್ರೂ ಪರ್ವಾಗಿಲ್ಲ.

ಅಲ್ಲಿ ನಮ್ಮನ್ನ ಉಳಿಸಿದ್ದು ನಮ್ಮ ಯಜಮಾನ್ರು. ಅವರು ದೇವರ ಮುಂದೆ ನಿಂತವರೇ ಅಲ್ಲ, ನನಗೆ ಮೊದಲೆಲ್ಲ ಅದೇ ನೋವಿತ್ತು, ಇಬ್ಬರೂ ಸೇರಿ ಬೇಡಿಕೊಂಡಿದ್ರೆ ಅಂತ. ಆದ್ರೆ ರಾತ್ರಿ ಹನ್ನೊಂದಕ್ಕೆ, ಅಂದ್ರೆ ಇಂಡಿಯಾದಲ್ಲಿ ಆಫೀಸ್ ತೆಗೆಯೋ ಟೈಮಿಗೆ, ಅಡುಗೆಮನೆ ಟೇಬಲ್ ಮೇಲೆ ಫೈಲ್ ಹರಡ್ಕೊಂಡು ಒಂದೊಂದು ಕಾಗದದ ಮೇಲಿನ ಸ್ಪೆಲ್ಲಿಂಗು, ಸೀಲು, ತಾರೀಖು ಬೆರಳಿಟ್ಟು ಓದೋರು, ಆಮೇಲೆ ಏಜೆನ್ಸಿಗೆ ಫೋನ್ ಮಾಡಿ ಅದೇ ಪ್ರಶ್ನೆ ಅದೇ ಸಮಾಧಾನದಿಂದ ಕೇಳೋರು. ಪಕ್ಕದಲ್ಲಿ ಒಂದು ನೋಟ್‌ಬುಕ್ಕು, ಯಾರ ಹತ್ರ ಮಾತಾಡಿದೆ, ಏನಂದ್ರು ಅಂತೆಲ್ಲ ಅದರಲ್ಲಿ. ನಮ್ಮಮ್ಮ ಇಲ್ಲಿಗೆ ಬಂದಿದ್ದಾಗ ಅದನ್ನ ನೋಡಿ, "ಇವರ ಜಪ ಇದು, ಸುಮ್ನಿರು" ಅಂದ್ರು. ನಿಮ್ಮ ಗಂಡ ನಂಬಲ್ಲ ಅಂತ ನೋವು ಮಾಡ್ಕೋಬೇಡಿ. ಅವರು ಏನು ಮಾಡ್ತಿದಾರೆ ಅಂತ ನೋಡಿ.

ಹರಕೆ ವಿಷಯಕ್ಕೆ ಬರ್ತೀನಿ. ನಮ್ಮಮ್ಮ ಹೊತ್ತಿದ್ದು ಚನ್ನಪಟ್ಟಣದ ಹತ್ರ ದೊಡ್ಡಮಳೂರು ಅಂಬೆಗಾಲು ಕೃಷ್ಣನಿಗೆ. ಹೋಗಿದ್ರೆ ನಿಮಗೂ ಗೊತ್ತಿರುತ್ತೆ, ಕೈಯಲ್ಲಿ ಬೆಣ್ಣೆ ಹಿಡ್ಕೊಂಡು ತೆವಳ್ತಿರೋ ಪುಟ್ಟ ಕೃಷ್ಣ, ಮಕ್ಕಳಾಗ್ಲಿ ಅಂತ ಬೇಡಿಕೊಂಡವರು ತಂದು ಕೊಟ್ಟ ತೊಟ್ಟಿಲುಗಳು. ರೆಫರಲ್ ಬರೋಕೂ ಮುಂಚೆ ಅಮ್ಮ ಅಲ್ಲಿ ಅರ್ಚನೆ ಮಾಡಿಸೋಕೆ ಹೋಗಿದ್ರು. ಅರ್ಚಕರು ಹೆಸರು, ನಕ್ಷತ್ರ, ಗೋತ್ರ ಕೇಳಿದ್ರಂತೆ. ನಮ್ಮಿಬ್ಬರ ಹೆಸರು ಹೇಳೋದು ಬಿಟ್ಟು ಅಮ್ಮ, "ನಮ್ಮ ಮೊಮ್ಮಗು ಎಲ್ಲೋ ಇದೆ ಸ್ವಾಮಿ, ಹೆಸರು ಗೊತ್ತಿಲ್ಲ, ನಕ್ಷತ್ರ ಗೊತ್ತಿಲ್ಲ, ಅದು ಆರೋಗ್ಯವಾಗಿರ್ಲಿ ಅಂತ ಮಾಡಿ" ಅಂದ್ರಂತೆ. ಅವರು ಏನೂ ಮಾತಾಡದೆ ಮಾಡಿಕೊಟ್ರಂತೆ. ಫೋನಲ್ಲಿ ಇದನ್ನ ಕೇಳಿದಾಗ ನಾನು ಆಫೀಸಿನ ಪಾರ್ಕಿಂಗ್ ಲಾಟಲ್ಲಿ ಕಾರೊಳಗೆ ಕೂತು ಅತ್ತುಬಿಟ್ಟೆ. ನಾನು ಹೇಳ್ತಿರೋ ನಂಬಿಕೆ ಇದು. ಮಗು ಕೊಡು ಅಂತ ಕೇಳಿದಾಗ ಪೋರ್ಟಲ್ ಅಲ್ಲಾಡದ ಪ್ರತಿ ದಿನ ದೇವರು ಇಲ್ಲ ಅಂದ ಹಾಗೇ ಕೇಳ್ಸುತ್ತೆ. ಆ ಮಗು ಇವತ್ತು ಹೊಟ್ಟೆ ತುಂಬ ಊಟ ಮಾಡ್ಲಿ, ಯಾರಾದ್ರೂ ಎತ್ಕೊಳ್ಳೋರು ಇರ್ಲಿ ಅಂತ ಕೇಳಿದ್ರೆ ಆ ಪ್ರಾರ್ಥನೆ ಇವತ್ತೇ ಫಲಿಸ್ತಿರಬಹುದು.

ಫಲಿಸ್ತಿತ್ತು ಕೂಡ. ಮಗಳು ಒಡಿಶಾದ ಒಂದು ದತ್ತು ಕೇಂದ್ರದಲ್ಲಿದ್ಲು. ಅವಳು ಅಲ್ಲಿಗೆ ಹೇಗೆ ಬಂದ್ಲು ಅನ್ನೋದು ಅವಳ ಕಥೆ, ಅದನ್ನ ಇಲ್ಲಿ ಬರೆಯಲ್ಲ. ಮೊದಲ ವಿಡಿಯೋ ಕಾಲಲ್ಲಿ ಅವಳು ನಮ್ಮ ಕಡೆ ನೋಡ್ಲೇ ಇಲ್ಲ, ಅವಳನ್ನ ನೋಡ್ಕೊಳ್ತಿದ್ದ ಆಯಾನ ಸೆರಗು ಬಾಯಲ್ಲಿಟ್ಕೊಂಡು ಅವರ ಕುತ್ತಿಗೆಗೆ ಆತುಕೊಂಡಿದ್ಲು. ಆಯಾ ಅವಳ ಬೆನ್ನು ತಟ್ತಾನೇ ನಮಗೆ ನಮಸ್ಕಾರ ಮಾಡಿದ್ರು. ಅಷ್ಟು ಕಾಲ ನಾನು ಬೇಡಿಕೊಂಡಿದ್ದು ಕಣ್ಣ ಮುಂದೆ ಇತ್ತು. ಆಮೇಲೆ ಎನ್‌ಒಸಿ, ಅಂದ್ರೆ ಕಾರಾದ ನಿರಾಕ್ಷೇಪಣಾ ಪತ್ರ, ಬರೋ ತನಕ ನಾವಿಬ್ಬರೂ ಯೂಟ್ಯೂಬ್ ನೋಡಿ ಒಡಿಯಾ ಕಲಿತ್ವಿ, ನೀರಿಗೆ ಪಾಣಿ, ಅನ್ನಕ್ಕೆ ಭಾತ, ಹೆದರ್ಬೇಡ, ನಿದ್ದೆ ಬಂತಾ, ಅಷ್ಟು. ನಿಮಗೂ ಯಾವ ರಾಜ್ಯದಿಂದ ಮಗು ಬರುತ್ತೆ ಅಂತ ಗೊತ್ತಾದ ದಿನವೇ ಇದನ್ನ ಶುರು ಮಾಡಿ. ಅವಳಿಗೆ ಅಲ್ಲಿ ಕರೀತಿದ್ದ ಹೆಸರನ್ನೇ ಉಳಿಸಿಕೊಂಡ್ವಿ, ನಾಮಕರಣದಲ್ಲಿ ಅಮ್ಮ ಆ ಹೆಸರನ್ನೇ ಕಿವಿಯಲ್ಲಿ ಹೇಳಿದ್ರು. ಹೆಸರಿನ ಮೊದಲ ಅಕ್ಷರದಿಂದ ನಾಮನಕ್ಷತ್ರ ನೋಡಿ ಪೂಜೆ ಮಾಡಿಸಿದ್ವಿ, ಜಾತಕ ಇಲ್ಲ ಅಂತ ಕೊರಗೋ ನೆಂಟರಿಗೆ ಅಷ್ಟೇ ಸಾಕಾಯ್ತು.

ಹಾಗಾಗಿ ಅತ್ತೆಗೆ ಹರಕೆ ಬೇಡ ಅಂತ ಅನ್ಬೇಡಿ. ಅವರು ಅಲ್ಲಿ ಒಬ್ಬರೇ ಕೂತು ಕಾಯ್ತಿದಾರೆ, ಅವರ ಕೈಯಲ್ಲಿ ಫೈಲೂ ಇಲ್ಲ, ಪೋರ್ಟಲ್ ಪಾಸ್‌ವರ್ಡೂ ಇಲ್ಲ, ಇರೋದು ಅದೊಂದೇ. ಇನ್ಮೇಲೆ ಮಗುವಿನ ಹೆಸರಲ್ಲೇ ಮಾಡಿಸಿ ಅತ್ತೆ, ಅದರ ತಾಯಿಗೂ ಸೇರಿಸಿ ಮಾಡಿಸಿ ಅಂತ ಕೇಳ್ಕೊಳ್ಳಿ. ಒಪ್ತಾರೆ, ಹೆಂಗಸರಿಗೆ ಇದು ಬೇಗ ಅರ್ಥ ಆಗುತ್ತೆ.

ನಿಮಗೆ ದೇವರ ಮನೆಗೆ ಹೋಗೋಕೆ ಮನಸ್ಸಿಲ್ಲದಿದ್ರೆ ಸದ್ಯಕ್ಕೆ ಹೋಗ್ಬೇಡಿ, ಬಲವಂತಕ್ಕೆ ಕೈ ಮುಗಿಯೋದು ಬೇಡ. ಆದ್ರೆ ಐ-800ಎ, ಅಂದ್ರೆ ನೀವು ದತ್ತಿಗೆ ತಕ್ಕವರು ಅಂತ ಅಮೇರಿಕಾ ಸರ್ಕಾರ ಕೊಡೋ ಒಪ್ಪಿಗೆ, ಅದರ ಅಪ್ರೂವಲ್ ತಾರೀಖು ಮಾತ್ರ ಇವತ್ತೇ ತೆಗೆದು ನೋಡಿ, ಅದು 15 ತಿಂಗಳಷ್ಟೇ ಇರೋದು, ಮುಗಿಯೋಕೆ ಮುಂಚೆನೇ ಅದರದ್ದೇ ಸಪ್ಲಿಮೆಂಟ್ 3 ಅನ್ನೋ ಫಾರ್ಮ್ ಹಾಕಿ ಎಕ್ಸ್‌ಟೆಂಡ್ ಮಾಡಿಸ್ಬೇಕು, ಹೋಂ ಸ್ಟಡಿ ಅಪ್‌ಡೇಟೂ ಅದಕ್ಕೆ ಬೇಕಾಗುತ್ತೆ. ರೆಫರಲ್ ಬಂದಾಗ ಈ ಕಾಗದದಿಂದ ಒಂದು ದಿನಾನೂ ತಡ ಆಗ್ಬಾರ್ದು. ಅದರಲ್ಲಿ ಏನಾದ್ರೂ ಡೌಟ್ ಇದ್ರೆ ಇಲ್ಲೇ ಕೆಳಗೆ ಕೇಳಿ, ಯಜಮಾನ್ರ ನೋಟ್‌ಬುಕ್ ಇನ್ನೂ ಇದೆ, ನೋಡಿ ಹೇಳ್ತೀನಿ.