ಸಾಕ್ಷಿಯೂ ಭಟನೂ

ಪ್ರಿಯ ಲೇಖಕರೇ,

‘ಪ್ರೊಟೆಸ್ಟ್’ ಪದದ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿನ ರೂಪದಲ್ಲಿ ಪ್ರಕಟಿಸಲಾರೆ. ಆದರೆ ಒಂದು ಪದದ ಬೆನ್ನು ಹತ್ತಿ ಹೊರಟ ನಿಮ್ಮ ಹುಮ್ಮಸ್ಸು ಇಷ್ಟವಾಯಿತು, ಅದಕ್ಕೇ ವಿವರವಾಗಿ ಬರೆಯುತ್ತಿದ್ದೇನೆ.

ಪದಕ್ಕೆ ‘ವಿರೋಧ’ ಎಂಬ ಒಂದೇ ಅರ್ಥವೆಂದು ಮೊದಲ ಸಾಲಲ್ಲೇ ತೀರ್ಮಾನಿಸಿಬಿಟ್ಟಿದ್ದೀರಿ. ಎಡವಿದ್ದು ಅಲ್ಲೇ. ಮೂರನೆಯ ಪುಟದಲ್ಲಿ, ಆರೋಪಿಯೊಬ್ಬ ‘ತನ್ನ ನಿರಪರಾಧಿತ್ವವನ್ನು ಪ್ರತಿಭಟಿಸಿದ’ ಎಂದು ಅನುವಾದಿಸಿದ್ದೀರಿ. ಇಂಗ್ಲಿಷಿನ ‘ಪ್ರೊಟೆಸ್ಟೆಡ್ ಹಿಸ್ ಇನೊಸೆನ್ಸ್’ ಹೇಳುವುದು ಬೇರೆ: ತಾನು ತಪ್ಪು ಮಾಡಿಲ್ಲವೆಂದು ಅವನು ಒತ್ತಿ ಒತ್ತಿ ಹೇಳಿದ. ನಿಮ್ಮ ಕನ್ನಡದಲ್ಲಿ ಪಾಪ, ಅವನು ತನ್ನ ವಿರುದ್ಧವೇ ನಿಂತಿದ್ದಾನೆ. ಒಮ್ಮೆ ಗಟ್ಟಿಯಾಗಿ ಓದಿಕೊಂಡಿದ್ದರೆ ನಿಮ್ಮ ಕಿವಿಗೇ ಗೊತ್ತಾಗುತ್ತಿತ್ತು.

ಸಾರಿ ಹೇಳುವುದೇ ಈ ಪದದ ಹಳೆಯ ಅರ್ಥ. ಲ್ಯಾಟಿನ್ನಿನ ‘ಪ್ರೊಟೆಸ್ಟಾರಿ’ ಎಂದರೆ ಎಲ್ಲರೆದುರು ಸಾರುವುದು. ಅದರೊಳಗಿರುವ ‘ಟೆಸ್ಟಿಸ್’ ಎಂದರೆ ಸಾಕ್ಷಿ. ‘ಪ್ರೊ’ ನೀವು ಬರೆದಂತೆ ನಮ್ಮ ‘ಪ್ರತಿ’ ಅಲ್ಲ. ನಂಟು ಹುಡುಕುವುದಾದರೆ ಸಂಸ್ಕೃತದ ‘ಪ್ರ’ದ ಜೊತೆ ಹುಡುಕಿ.

1529ರ ಪ್ರಸಂಗವನ್ನೂ ತಿದ್ದಬೇಕು. ಜರ್ಮನಿಯ ಸ್ಪೈಯರ್ ನಗರದಲ್ಲಿ ಸೇರಿದ್ದ ಅರಸರ, ನಗರಗಳ ಸಭೆಯಲ್ಲಿ, ಲೂಥರನ ಧರ್ಮಸುಧಾರಣೆಯ ಕಡೆಯವರಿಗೆ 1526ರಲ್ಲಿ ಸಿಕ್ಕಿದ್ದ ಧಾರ್ಮಿಕ ಸಡಿಲಿಕೆಯನ್ನು ಬಹುಮತದ ಕ್ಯಾಥೊಲಿಕರು ರದ್ದು ಮಾಡಿದರು. ಆಗ ಸುಧಾರಣೆಯ ಕಡೆಯ 6 ಅರಸರೂ 14 ನಗರಗಳೂ ‘ಬೀದಿಗಿಳಿದವು’ ಎಂದಿದ್ದೀರಿ. ಯಾರೂ ಬೀದಿಗಿಳಿಯಲಿಲ್ಲ. ತಮ್ಮ ಒಪ್ಪಿಗೆ ಇಲ್ಲವೆಂಬುದು ದಾಖಲಾಗಲಿ ಎಂದು ತಕರಾರನ್ನು ಬರೆದು ಕೊಟ್ಟರು. ಕ್ರೈಸ್ತರಲ್ಲಿ ಆ ಕಡೆಯವರಿಗೆ ಪ್ರಾಟೆಸ್ಟೆಂಟ್ ಎಂಬ ಹೆಸರು ಹುಟ್ಟಿದ್ದು ಆ ಬರಹದಿಂದ.

ಈಗ ನಮ್ಮ ಪದ ನೋಡಿ. ‘ಪ್ರತಿಭಟನೆ’ಯೊಳಗೆ ಒಬ್ಬ ಭಟನಿದ್ದಾನೆ, ಪ್ರತಿಭಟ ಎಂದರೆ ಎದುರಾಳಿ ಯೋಧ. ಇಂಗ್ಲಿಷಿನವನು ಸಾಕ್ಷಿ ಹೇಳಲು ಎದ್ದು ನಿಂತರೆ, ನಮ್ಮವನು ಕಾದಾಡಲು ನಿಲ್ಲುತ್ತಾನೆ. ಮೆರವಣಿಗೆಯಲ್ಲಿ ಇಬ್ಬರೂ ಒಂದಾಗಿ ಕಂಡಾರು, ಎಲ್ಲ ಕಡೆಯೂ ಅಲ್ಲ. ಬಿಲ್ ಒಪ್ಪಿಗೆಯಿಲ್ಲದಿದ್ದರೂ ಹಣ ಕಟ್ಟಿ, ರಸೀದಿಯ ಮೇಲೆ ‘ಅಂಡರ್ ಪ್ರೊಟೆಸ್ಟ್’ ಎಂದು ಬರೆಯುವವನನ್ನು ನೆನೆಯಿರಿ. ಅವನು ಯಾರ ಜೊತೆಗೂ ಕಾದಾಡುತ್ತಿಲ್ಲ. ಕಟ್ಟಿದ್ದನ್ನೇ ಒಪ್ಪಿಗೆಯೆಂದು ತಿಳಿಯಬೇಡಿ ಎನ್ನುತ್ತಿದ್ದಾನೆ. ಅದನ್ನು ‘ಪ್ರತಿಭಟನೆಯಡಿ’ ಎಂದರೆ ಯಾರಿಗೆ ಅರ್ಥವಾದೀತು? ‘ತಕರಾರು ಉಳಿಸಿಕೊಂಡು’ ಎನ್ನಿ, ಸಾಕು.

ಉಚ್ಚಾರಣೆಯ ಭಾಗ ಸರಿಯಾಗಿದೆ: ನಾಮಪದದಲ್ಲಿ ಒತ್ತು ಮೊದಲಿಗೆ, ಕ್ರಿಯಾಪದದಲ್ಲಿ ಕೊನೆಗೆ. ಹಾಗೇ ಇರಲಿ. ಮೊದಲ ಎರಡು ಪುಟ ಕೈಬಿಟ್ಟು, ರಸೀದಿಯ ಉದಾಹರಣೆಯಿಂದ ಶುರುಮಾಡಿ ಬರೆದು ಕಳಿಸಿ. ನಾನೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ