ಸಂಜೆ ಆದ್ರೆ ಸಾಕು ಮಗು ಅಳು, ಎಲ್ರೂ ಗ್ಯಾಸ್ ಅಂತಾರೆ

ಪ್ರಶ್ನೆ: ಅಕ್ಕ ನಮಸ್ತೆ. ನನ್ ಮಗನಿಗೆ ಈಗ ಏಳು ವಾರ, ತೂಕ 4.6 ಕೆಜಿ. ಸಿಸೇರಿಯನ್ ಆಗಿದ್ದು, ಎದೆಹಾಲು ಸಾಲ್ತಿರ್ಲಿಲ್ಲ, ತೂಕ ಏರ್ತಿಲ್ಲ ಅಂತ ಡಾಕ್ಟ್ರೇ ಜೊತೆಗೆ ಪೌಡರ್ ಹಾಲು ಕೊಡೋಕೆ ಹೇಳಿದ್ರು, ದಿನಕ್ಕೆ ನಾಲ್ಕು ಸಲ ಬಾಟ್ಲಿ ಕೊಡ್ತೀನಿ. ಹಗಲೆಲ್ಲಾ ಚೆನ್ನಾಗಿರ್ತಾನೆ, ಸಂಜೆ ಆರಕ್ಕೆ ಶುರು ಮಾಡಿದ್ರೆ ಒಂಬತ್ತರ ತನಕ ಕಾಲು ಹೊಟ್ಟೆಗೆ ಎಳ್ಕೊಂಡು, ಮುಖ ಕೆಂಪಗೆ ಮಾಡ್ಕೊಂಡು ಅಳ್ತಾನೆ, ಹೊಟ್ಟೆ ಉಬ್ಬಿರತ್ತೆ. ಹಾಲು ನಿಧಾನ ಬರ್ತಿದೆ ಅಂತ ನಮ್ಮತ್ತೆ ಸೂಜಿ ಕಾಯಿಸಿ ನಿಪ್ಪಲ್ ತೂತು ದೊಡ್ಡದು ಮಾಡಿದ್ರು, ಈಗ 120 ಎಂಎಲ್ ಐದೇ ನಿಮಿಷಕ್ಕೆ ಖಾಲಿ. ನಾದಿನಿ ಹಾಲು ಗಟ್ಟಿ ಆಯ್ತು, ಒಂದು ಸ್ಪೂನ್ ಕಮ್ಮಿ ಹಾಕಿ ಅಂತಾರೆ, ಅಜ್ಜಿ ಬಜೆ ತೇಯ್ದು ನೆಕ್ಕಿಸು ಅಂತಾರೆ, ಪಕ್ಕದ ಮನೆಯವ್ರು ಗ್ರೈಪ್ ವಾಟರ್ ಅಂತಾರೆ. ಯಾರ ಮಾತು ಕೇಳ್ಲಿ? ಬಾಟ್ಲಿ ಕೊಟ್ಟಿದ್ದಕ್ಕೇ ಹೀಗಾಯ್ತಾ ಅಂತ ರಾತ್ರಿ ನಾನೂ ಅಳ್ತಾ ಕೂತಿರ್ತೀನಿ. ಯಾವ ಕಂಪನಿ ಪೌಡರ್ ಒಳ್ಳೇದು ಅಂತಾನೂ ಹೇಳಿ.
– ಹಾಸನ ಜಿಲ್ಲೆಯ ಓದುಗರು

ಉತ್ತರ: ಮೊದ್ಲು ಆ ನಿಪ್ಪಲ್ ಬಿಸಾಕಿ, ಇವತ್ತೇ. ನಿಮ್ಮತ್ತೆ ಕೆಟ್ಟದ್ದಕ್ಕೆ ಮಾಡಿಲ್ಲ, ಮಗು ಕಷ್ಟ ಪಟ್ಟು ಎಳೀತಿದೆ ಅನ್ನೋದು ನೋಡೋಕಾಗದೆ ಮಾಡಿರ್ತಾರೆ, ಎಷ್ಟೋ ಮನೇಲಿ ಇದೇ ಮಾಡ್ತಾರೆ. ಆದ್ರೆ ನಿಮ್ಮ ಪತ್ರ ಓದಿದ್ರೆ ನನಗೆ ಅರ್ಧ ಉತ್ತರ ಅಲ್ಲೇ ಕಾಣ್ತಿದೆ. ತೂತು ದೊಡ್ಡದಾದ್ರೆ ಮಗು ಹೀರೋದಲ್ಲ, ಹಾಲೇ ಬಾಯಿಗೆ ಸುರಿಯತ್ತೆ, ಮಗು ಉಸಿರು ತಗೊಳ್ಳೋಕೂ ಬಿಡುವಿಲ್ದೆ ಗಟಗಟ ಅಂತ ನುಂಗತ್ತೆ, ಹಾಲಿನ ಜೊತೆ ಗಾಳಿನೂ ಒಳಗೆ ಹೋಗತ್ತೆ. ಹೊಸ ನಿಪ್ಪಲ್ ತಗೊಳ್ಳುವಾಗ ಸ್ಲೋ ಫ್ಲೋ ಅಂತ ಇರೋದೇ ಕೇಳಿ ತಗೊಳ್ಳಿ. ಮನೆಗೆ ತಂದ್ಮೇಲೆ ಕುದಿಸಿ, ಬಾಟ್ಲಿಗೆ ಹಾಕಿ ತಲೆಕೆಳಗೆ ಹಿಡೀರಿ, ಅಲ್ಲಾಡಿಸ್ಬೇಡಿ, ಒತ್ಬೇಡಿ, ಸುಮ್ನೆ ನೋಡಿ: ಸೆಕೆಂಡಿಗೆ ಒಂದು ತೊಟ್ಟು ಲೆಕ್ಕದಲ್ಲಿ ತೊಟ್ಟು ತೊಟ್ಟು ಬೀಳ್ಬೇಕು. ಧಾರೆ ಕಟ್ತಾ ಇದ್ರೆ ಆ ನಿಪ್ಪಲ್ ಬೇಡ. ಏನೂ ಬೀಳ್ದೇ ಇದ್ರೂ ಬೇಡ, ಬಾರದ ಹಾಲಿಗೆ ಜೋರಾಗಿ ಎಳೆದೂ ಮಗು ಗಾಳಿ ನುಂಗತ್ತೆ.

ಇನ್ನು ಕೊಡೋ ರೀತಿ. ಮಲಗಿಸಿ ಬಾಯಿಗೆ ಬಾಟ್ಲಿ ಇಟ್ಟು ದಿಂಬು ಆನಿಸೋದು ಯಾವತ್ತೂ ಬೇಡ, ಹಾಲು ನೆತ್ತಿಗೆ ಹತ್ತಬಹುದು, ಕಿವಿ ಸೋಂಕೂ ಬರಬಹುದು. ನೀವು ಆರಾಮಾಗಿ ಒರಗಿ ಕೂತ್ಕೊಂಡು ಮಗೂನ ತಲೆ ಮೇಲಿರೋ ಹಾಗೆ, ಹೆಚ್ಚುಕಮ್ಮಿ ಕೂರಿಸಿದ ಹಾಗೆ ತೋಳಲ್ಲಿ ಹಿಡ್ಕೊಳ್ಳಿ. ಬಾಟ್ಲಿ ನೆಟ್ಟಗೆ ನಿಲ್ಲಿಸ್ಬೇಡಿ, ಅಡ್ಡಡ್ಡಕ್ಕೆ, ನಿಪ್ಪಲ್ ತುಂಬೋಷ್ಟು ಮಾತ್ರ ಬಗ್ಗಿಸಿ. ಹತ್ತಿಪ್ಪತ್ತು ಗುಟುಕಾದ್ಮೇಲೆ ಬಾಟ್ಲಿ ಕೆಳಗೆ ಬಾಗಿಸಿ, ನಿಪ್ಪಲ್ ಬಾಯಲ್ಲೇ ಇರ್ಲಿ, ಹಾಲು ಹಿಂದಕ್ಕೆ ಹೋಗತ್ತೆ, ಮಗು ಉಸಿರು ಬಿಡತ್ತೆ, ಮತ್ತೆ ಹುಡುಕಿದ್ರೆ ಕೊಡಿ. ಹೀಗೆ ಒಂದು ಬಾಟ್ಲಿಗೆ ಹದಿನೈದಿಪ್ಪತ್ತು ನಿಮಿಷ ಹಿಡೀಬೇಕು.

120 ಎಂಎಲ್ ಕೂಡ ಜಾಸ್ತಿನೇ ಅನ್ಸತ್ತೆ. ಸಾಮಾನ್ಯವಾಗಿ ಕೆಜಿಗೆ ದಿನಕ್ಕೆ 150 ಎಂಎಲ್ ಅಂತ ಲೆಕ್ಕ ಹಾಕ್ತಾರೆ, ನಿಮ್ಮ ಮಗೂಗೆ 690 ಆಯ್ತು, ಎಂಟು ಸಲಕ್ಕೆ ಹಂಚಿದ್ರೆ ಸುಮಾರು 85, ಅದ್ರಲ್ಲಿ ನಿಮ್ಮ ಎದೆಹಾಲೂ ಸೇರಿದೆ. ಹಾಗಂತ 85 ಮುಗಿಸ್ಲೇಬೇಕು ಅಂತಲ್ಲ, ಮುಖ ತಿರುಗಿಸಿದ್ರೆ, ಬಿಗಿಯಾಗಿದ್ದ ಮುಷ್ಟಿ ಬಿಚ್ಚಿ ಕೈ ಸಡಿಲ ಬಿಟ್ರೆ ಹೊಟ್ಟೆ ತುಂಬ್ತು ಅಂತ ಅರ್ಥ, ಉಳಿದಿದ್ದು ಚೆಲ್ಲಿಬಿಡಿ. ವೇಸ್ಟ್ ಆಯ್ತು ಅಂತ ಬಾಯಿಗೆ ತುರುಕ್ಬೇಡಿ. ನಿಮಗೆ ಎಷ್ಟು ಅನ್ನೋದನ್ನ ಮಾತ್ರ ಡಾಕ್ಟ್ರ ಹತ್ರ ಒಂದ್ಸಲ ಕೇಳ್ಕೊಳ್ಳಿ, ತೂಕಕ್ಕೇಂತ ಅವ್ರು ಬೇರೆ ಲೆಕ್ಕ ಹೇಳಿರಬಹುದು.

ನಾದಿನಿ ಮಾತು ಮಾತ್ರ ಖಂಡಿತ ಕೇಳ್ಬೇಡಿ. ಇಲ್ಲಿ ಸಿಗೋ ಹೆಚ್ಚಿನ ಡಬ್ಬಿಗಳಲ್ಲಿ 30 ಎಂಎಲ್ ನೀರಿಗೆ ತಲೆ ಸವರಿದ ಒಂದು ಸ್ಕೂಪ್ ಅಂತ ಇರತ್ತೆ, ನಿಮ್ಮ ಡಬ್ಬಿ ಮೇಲೆ ಏನಿದೆ ನೋಡಿ ಅಷ್ಟೇ ಹಾಕಿ, ಮೊದ್ಲು ನೀರು ಅಳೆದು ಆಮೇಲೆ ಪೌಡರ್. ತೆಳ್ಳಗೆ ಮಾಡಿದ್ರೆ ತೂಕ ನಿಲ್ಲತ್ತೆ, ನೀರು ಜಾಸ್ತಿಯಾಗಿ ಮಗು ರಕ್ತದಲ್ಲಿ ಸೋಡಿಯಂ ಇಳಿದು ಫಿಟ್ಸ್ ಕೂಡ ಬರಬಹುದು. ಗಟ್ಟಿ ಮಾಡಿದ್ರೆ ಮಲಬದ್ಧತೆ. ಕಲಸಿದ್ಮೇಲೆ ಜೋರಾಗಿ ಕುಲುಕಿದ್ರೆ ನೊರೆ ಬರತ್ತಲ್ಲ, ಅದೂ ಗಾಳಿನೇ. ಮೆಲ್ಲಗೆ ಸುತ್ತಿಸಿ ಕರಗಿಸಿ, ನೊರೆ ಇಳಿಯೋಕೆ ಎರಡು ನಿಮಿಷ ಬಿಡಿ.

ತೇಗು ತೆಗೆಸೋದಕ್ಕೆ ಅರ್ಧ ಬಾಟ್ಲಿಗೊಂದ್ಸಲ, ಮುಗಿದ್ಮೇಲೆ ಒಂದ್ಸಲ. ಭುಜದ ಮೇಲೆ ಹಾಕ್ಕೊಂಡು ಬೆನ್ನು ಕೆಳಗಿಂದ ಮೇಲಕ್ಕೆ ಸವರಿ, ಗುದ್ದೋದು ಬೇಡ. ಅಲ್ಲಿ ಬರ್ಲಿಲ್ಲ ಅಂದ್ರೆ ತೊಡೆ ಮೇಲೆ ಕೂರಿಸಿ, ಒಂದು ಕೈಯಲ್ಲಿ ಎದೆ ಮತ್ತು ಗಲ್ಲಕ್ಕೆ ಆಸರೆ ಕೊಟ್ಟು (ಕತ್ತು ಒತ್ಬೇಡಿ) ಸ್ವಲ್ಪ ಮುಂದಕ್ಕೆ ಬಾಗಿಸಿ. ಐದು ನಿಮಿಷ ನೋಡಿ, ಬರ್ದಿದ್ರೆ ಬಿಡಿ, ಪ್ರತಿ ಸಲ ಬರ್ಲೇಬೇಕು ಅಂತಿಲ್ಲ. ಆಮೇಲೆ ಹದಿನೈದಿಪ್ಪತ್ತು ನಿಮಿಷ ನೆಟ್ಟಗೆ ಎತ್ಕೊಂಡಿರಿ. ಹಾಲು ಕುಡಿದು ಒಂದು ಗಂಟೆ ಆದ್ಮೇಲೆ ಅಂಗಾತ ಮಲಗಿಸಿ ಸೈಕಲ್ ತುಳಿಯೋ ಹಾಗೆ ಕಾಲು ಮಡಚಿ ಬಿಡಿಸಿ, ಬೆಚ್ಚಗಿನ ಕೈಯಲ್ಲಿ ಹೊಕ್ಕಳ ಸುತ್ತ ಗಡಿಯಾರದ ಮುಳ್ಳು ತಿರುಗೋ ದಿಕ್ಕಿಗೆ ಸವರಿ. ದೊಡ್ಡ ಕರುಳು ಅದೇ ದಿಕ್ಕಿಗಿರತ್ತೆ. ಅಳುವಾಗ ಮುಂಗೈ ಮೇಲೆ ಬೋರಲು ಹಾಕ್ಕೊಂಡು ಓಡಾಡಿದ್ರೂ ಎಷ್ಟೋ ಮಕ್ಳು ಸುಮ್ನಾಗ್ತವೆ. ಮಲಗಿಸೋದು ಮಾತ್ರ ಅಂಗಾತನೇ.

ಬಜೆ ಬೇಡ. ಎಷ್ಟು ತೇಯ್ದೆವು, ಎಷ್ಟು ಹೊಟ್ಟೆಗೆ ಹೋಯ್ತು ಅನ್ನೋ ಅಳತೆ ಇಲ್ಲ, ತೇಯೋ ಕಲ್ಲು, ಬೆರಳು, ನೀರು ಇವುಗಳಿಂದಾನೇ ಬೇಧಿ ಶುರುವಾಗತ್ತೆ. ಜೇನಂತೂ ಒಂದು ವರ್ಷದ ತನಕ ತೋರಿಸ್ಲೂಬೇಡಿ. ಗ್ರೈಪ್ ವಾಟರ್ 1851ರಲ್ಲಿ ಇಂಗ್ಲೆಂಡಿನ ವಿಲಿಯಂ ವುಡ್‌ವರ್ಡ್ ಮಾಡಿದ್ದು, ಆಗ ಅದ್ರಲ್ಲಿ ಆಲ್ಕೋಹಾಲೂ ಇತ್ತು. ಈಗಿನದ್ರಲ್ಲಿ ಆಲ್ಕೋಹಾಲ್ ಹಾಕಲ್ಲ, ಆದ್ರೆ ಇದ್ರಿಂದ ಅಳು ನಿಲ್ಲತ್ತೆ ಅನ್ನೋಕೆ ಗಟ್ಟಿ ಆಧಾರನೂ ಇಲ್ಲ. ಅಜ್ಜಿ ಮನಸ್ಸಿಗೂ ನೋವಾಗ್ಬಾರ್ದಲ್ಲ, ವೀಳ್ಯದೆಲೆಗೆ ಹರಳೆಣ್ಣೆ ಸವರಿ ಬೆಚ್ಚಗೆ ಮಾಡಿ ಹೊಟ್ಟೆ ಮೇಲೆ ಇಡೋಕೆ ಹೇಳಿ, ಮೊದ್ಲು ನಿಮ್ಮ ಕೆನ್ನೆಗೆ ಮುಟ್ಟಿಸಿ ಬಿಸಿ ನೋಡ್ಕೊಂಡು.

ಒಂದು ಮಾತು, ದಯವಿಟ್ಟು ಮನಸ್ಸಿಗೆ ತಗೊಳ್ಳಿ. ಸಂಜೆ ಅಳು ಬರೀ ಗ್ಯಾಸಿಂದಲ್ಲ, ಬರೀ ಎದೆಹಾಲು ಕುಡಿಯೋ ಮಕ್ಳೂ ಹೀಗೇ ಅಳ್ತವೆ. ಆರನೇ ವಾರದ ಹೊತ್ತಿಗೆ ಇದು ತುಂಬಾ ಜಾಸ್ತಿ ಇದ್ದು ಮೂರ್ನಾಲ್ಕು ತಿಂಗಳಿಗೆ ತಾನಾಗೇ ಇಳಿಯತ್ತೆ, ಅತ್ತೂ ಅತ್ತೂ ಗಾಳಿ ನುಂಗಿ ಹೊಟ್ಟೆ ಉಬ್ಬೋದೂ ಇದೆ. ಬಾಟ್ಲಿ ಸರಿ ಮಾಡಿದ್ರೆ ಗಾಳಿ ಕಮ್ಮಿ ಆಗತ್ತೆ, ಅಳು ಪೂರ್ತಿ ನಿಲ್ದಿದ್ರೆ ನಿಮ್ಮ ತಪ್ಪಲ್ಲ. ಸಹಿಸೋಕಾಗ್ತಿಲ್ಲ ಅನ್ಸಿದ್ರೆ ಮಗೂನ ಮನೆಯವ್ರ ಕೈಗೆ ಕೊಟ್ಟು ಹತ್ತು ನಿಮಿಷ ಹೊರಗೆ ಹೋಗಿ, ಸಿಟ್ಟಲ್ಲಿ ಯಾರೂ ಮಗೂನ ಅಲ್ಲಾಡಿಸ್ಬಾರ್ದು.

100.4 ಡಿಗ್ರಿ ಜ್ವರ, ಹಸಿರು ವಾಂತಿ, ಕುಡಿದಿದ್ದೆಲ್ಲಾ ಚಿಮ್ಮೋ ಹಾಗೆ ಕಕ್ಕೋದು, ಮಲದಲ್ಲಿ ರಕ್ತ, ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗೋದು, ಹಾಲೇ ಬೇಡ ಅನ್ನೋದು, ಉಚ್ಚೆ ಕಮ್ಮಿ ಆಗೋದು, ಗಂಡು ಮಗುವಾದ್ರಿಂದ ತೊಡೆಸಂದಿಯಲ್ಲಿ ಊತ – ಇವುಗಳಲ್ಲಿ ಒಂದು ಕಂಡ್ರೂ ಬೆಳಗಾಗ್ಲಿ ಅಂತ ಕಾಯ್ಬೇಡಿ, ಆಸ್ಪತ್ರೆಗೆ ಹೋಗಿ.

ಕಂಪನಿ ಹೆಸ್ರು ನಾನು ಹೇಳಲ್ಲ. ಮಗುವಿನ ಹಾಲಿನ ಪೌಡರಿಗಾಗ್ಲಿ ಬಾಟ್ಲಿಗಾಗ್ಲಿ ಜಾಹೀರಾತು ಮಾಡೋ ಹಾಗಿಲ್ಲ ಅಂತ 1992ರ ಕಾಯ್ದೆನೇ ಇದೆ, ಡಾಕ್ಟ್ರು ಬರೆದಿದ್ದನ್ನೇ ಕೊಡಿ. ಪ್ರತಿ ಸಲ ಮೊದ್ಲು ಎದೆಗೆ ಹಾಕಿ, ಮಗು ಚೀಪಿದಷ್ಟೂ ಹಾಲು ಬರತ್ತೆ. ಬಾಟ್ಲಿ ಬೇಡ ಅನ್ಸಿದ್ರೆ ಒಳಲೆಯಲ್ಲೂ ಕೊಡಬಹುದು, ತೊಳೆಯೋದು ಎಷ್ಟೋ ಸುಲಭ.

ಪ್ರಶ್ನೆ: ಮೇಡಂ, ನಾನು ಎರಡು ತಿಂಗಳ ಮಗಳ ಅಪ್ಪ. ರಾತ್ರಿ ಎರಡು ಗಂಟೆ ಫೀಡ್ ನನ್ನ ಪಾಲಿಗೆ. ಹತ್ತಕ್ಕೇ ಪೌಡರ್ ಹಾಲು ಕಲಸಿ ಫ್ಲಾಸ್ಕಲ್ಲಿ ಇಟ್ಕೊಂಡ್ರೆ ಆಗತ್ತಾ?
– ಬೆಂಗಳೂರಿನ ಓದುಗರು

ಉತ್ತರ: ಬೇಡಪ್ಪ, ಬೆಚ್ಚಗಿನ ಹಾಲು ಅಂದ್ರೆ ಕ್ರಿಮಿ ಬೆಳೆಯೋಕೆ ಹೇಳಿ ಮಾಡಿಸಿದ ಜಾಗ. ಪೌಡರ್ ಡಬ್ಬಿಯಲ್ಲೂ ಕ್ರಿಮಿ ಇರಬಹುದು, ಅದಕ್ಕೇ 70 ಡಿಗ್ರಿ ಸೆಲ್ಸಿಯಸ್‌ಗಿಂತ ಕಮ್ಮಿ ಇಲ್ಲದ ಬಿಸಿ ನೀರಲ್ಲೇ ಕಲಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ. ಫ್ಲಾಸ್ಕಲ್ಲಿ ಕುದಿಸಿದ ನೀರು ಮಾತ್ರ ಇಟ್ಕೊಳ್ಳಿ, ಪೌಡರ್ ಅಳೆದು ಒಣಗಿದ ಚಿಕ್ಕ ಡಬ್ಬಿಯಲ್ಲಿ, ಹತ್ತು ನಿಮಿಷ ಕುದಿಸಿದ ಬಾಟ್ಲಿ ಮುಚ್ಚಿ ಪಕ್ಕದಲ್ಲಿ. ಮಗು ಎದ್ದಾಗ ಕಲಸಿ, ಬಾಟ್ಲಿ ಹೊರಗಡೆಯಿಂದ ನಲ್ಲಿ ನೀರಿಗೆ ಹಿಡಿದು ಆರಿಸಿ, ಮಣಿಕಟ್ಟಿನ ಒಳಗಡೆ ಎರಡು ತೊಟ್ಟು ಬಿಟ್ಟು ನೋಡಿ, ಬಿಸಿ ಅಂತ ಗೊತ್ತೇ ಆಗ್ಬಾರ್ದು. ಎರಡು ಗಂಟೆ ಒಳಗೆ ಕುಡೀದಿದ್ದು ಚೆಲ್ಲಿ, ಬಾಟ್ಲಿ ನಿಪ್ಪಲ್ ಆಗ್ಲೇ ತೊಳೆದಿಡಿ, ಬೆಳಿಗ್ಗೆಗೆ ಹಾಲು ಒಣಗಿ ತೂತಲ್ಲಿ ಅಂಟಿರತ್ತೆ.